ಆಯಿಲ್ ಪೇಸ್ಟಲ್ ಚಿತ್ರಕಾರರ ಬಳಗ: ಆಳಂದ, ಅಫಜಲಪುರ, ಜೇವರ್ಗಿಯಲ್ಲಿ ಕಟ್ಟೋದು ಹೇಗೆ?

ಶಾಲೆ ಶುರುವಾಗುವ ಜೂನ್‌ನಲ್ಲಿ ಆಳಂದ, ಅಫಜಲಪುರ, ಜೇವರ್ಗಿಯ ಬುಕ್ ಸ್ಟಾಲ್‌ಗಳಲ್ಲಿ ನೋಟ್‌ಬುಕ್ಕಿನ ಜೊತೆ ಖರ್ಚಾಗುವ ಸಾಮಾನುಗಳಲ್ಲಿ ಆಯಿಲ್ ಪೇಸ್ಟಲ್ ಡಬ್ಬಿಯೂ ಒಂದು. 12 ಬಣ್ಣದ್ದು, 25ರದ್ದು, ಅಪರೂಪಕ್ಕೆ 50ರದ್ದು. ಮಕ್ಕಳು ಇದನ್ನ ಕ್ರೇಯಾನ್ ಅಂತಾರೆ, ಕೆಲವು ಮನೆಗಳಲ್ಲಿ ಮೇಣದ ಬಣ್ಣ ಅಂತಾರೆ. ಪ್ರತಿಭಾ ಕಾರಂಜಿಯ ಚಿತ್ರಕಲೆ ಸ್ಪರ್ಧೆ ಬಂದಾಗ ಡಬ್ಬಿ ಹೊರಗೆ ಬರುತ್ತೆ, ಕ್ಲಸ್ಟರ್‌ನಲ್ಲಿ ಗೆದ್ದ ಹುಡುಗಿ ತಾಲ್ಲೂಕಿಗೆ ಹೋಗ್ತಾಳೆ, ಸರ್ಟಿಫಿಕೇಟ್ ತರ್ತಾಳೆ. ಎಸ್ಸೆಸ್ಸೆಲ್ಸಿ ಮುಗೀತು ಅಂದ್ರೆ ಡಬ್ಬಿ ಅಟ್ಟ ಸೇರುತ್ತೆ. ಚಿತ್ರ ಬಿಡಿಸೋದನ್ನ ಮುಂದುವರಿಸಬೇಕು ಅನ್ನುವವರಿಗೆ ಸುಮಾರು 40–60 ಕಿ.ಮೀ. ದೂರದ ಕಲಬುರಗಿ ಬಸ್ ಒಂದೇ ದಾರಿ. ಅಲ್ಲಿಗೂ ಎಲ್ಲರನ್ನೂ ಕಳಿಸೋದಿಲ್ಲ, ಅದರಲ್ಲೂ ಹೆಣ್ಣುಮಕ್ಕಳನ್ನ.

ಹಾಗೆ ನಿಂತುಹೋದ ಕೈಗಳು ಮೂರೂ ತಾಲ್ಲೂಕಿನಲ್ಲಿ ಸಾಕಷ್ಟಿವೆ. ಅವರನ್ನೆಲ್ಲ ಒಂದು ಕಡೆ ಕೂಡಿಸಲು ಕ್ಯಾನ್ವಾಸ್, ಸ್ಟ್ಯಾಂಡು, ಎಣ್ಣೆಬಣ್ಣದ ಟ್ಯೂಬು ಏನೂ ಬೇಕಿಲ್ಲ. ಊರಿನ ಅಂಗಡಿಯಲ್ಲೇ ಸಿಗುವ ಈ ಡಬ್ಬಿ ಸಾಕು. ಬಳಗ ಕಟ್ಟುವವರಿಗೂ ಸಾಮಾನು ಮಾರುವವರಿಗೂ ಬೇಕಾದ ಮಾಹಿತಿ ಇಲ್ಲಿದೆ.

ಇದು ಯಾವ ಬಣ್ಣ?

ಬಣ್ಣದ ಪುಡಿ, ಮೇಣ ಮತ್ತು ಒಣಗದ ಎಣ್ಣೆ, ಈ ಮೂರು ಸೇರಿ ಆಯಿಲ್ ಪೇಸ್ಟಲ್ ಆಗುತ್ತೆ. ಗಟ್ಟಿ ಮೇಣದ ಕ್ರೇಯಾನ್‌ಗಿಂತ ಇದು ಮೆತ್ತಗೆ, ಬಣ್ಣವೂ ದಟ್ಟ. ಸೀಮೆಸುಣ್ಣದ ಹಾಗೆ ಪುಡಿ ಉದುರುವ ಒಣ ಪೇಸ್ಟಲ್ ಬೇರೆಯೇ ಜಾತಿ, ಎರಡನ್ನೂ ಒಂದೇ ಅಂತ ತಿಳಿದು ತರಬಾರದು. "ಒಣಗದ ಎಣ್ಣೆ" ಅನ್ನುವ ಮಾತು ನೆನಪಿಟ್ಟುಕೊಳ್ಳಬೇಕು. ಗೋಡೆಗೆ ಹಚ್ಚುವ ಆಯಿಲ್ ಪೇಂಟ್ ಎರಡು ದಿನಕ್ಕೆ ಗಟ್ಟಿಯಾಗುತ್ತೆ, ಆಯಿಲ್ ಪೇಸ್ಟಲ್ ವರ್ಷ ಕಳೆದರೂ ಪೂರ್ತಿ ಒಣಗೋದಿಲ್ಲ. ಮುಟ್ಟಿದರೆ ಬೆರಳಿಗೆ ಹತ್ತುತ್ತೆ. ಚಿತ್ರ ಜೋಪಾನ ಮಾಡೋದು, ಫ್ರೇಮ್ ಹಾಕೋದು, ಬೇಸಿಗೆ ದಾಟಿಸೋದು, ಎಲ್ಲವೂ ಈ ಒಂದು ಗುಣದ ಮೇಲೆ ನಿಂತಿದೆ.

ಕೈಗೆ ಹತ್ತಿದ್ದು ಬಿಟ್ಟರೆ ಬೇರೆ ಗಲೀಜಿಲ್ಲ. ನೀರು ಬೇಡ, ಬ್ರಷ್ ಬೇಡ. ಮೊದಲು ತಿಳಿ ಬಣ್ಣ ಹಚ್ಚಿ ಆಮೇಲೆ ಗಾಢ ಬಣ್ಣ ತರಬೇಕು, ಉಲ್ಟಾ ಮಾಡಿದರೆ ಹಳದಿ ಎಲ್ಲ ಕೆಸರಾಗುತ್ತೆ. ಬೆರಳಿನಿಂದಲೋ ಕಿವಿಕಡ್ಡಿಯಿಂದಲೋ ತೀಡಿದರೆ ಬಣ್ಣ ಬೆರೆಯುತ್ತೆ. ಎರಡು ಪದರ ಹಚ್ಚಿ, ಖಾಲಿಯಾದ ರೀಫಿಲ್ ಇಲ್ಲವೇ ಪಿನ್ನಿನ ತುದಿಯಿಂದ ಗೀರಿದರೆ ಕೆಳಗಿನ ಬಣ್ಣ ಕಾಣುತ್ತೆ. ಜೋಳದ ತೆನೆ, ಎಮ್ಮೆಯ ಮೈಮೇಲಿನ ಕೂದಲು, ಕೌದಿಯ ಹೊಲಿಗೆ ಬಿಡಿಸಲು ಇಷ್ಟು ಸುಲಭದ ದಾರಿ ಬೇರೆ ಬಣ್ಣದಲ್ಲಿಲ್ಲ. ದೊಡ್ಡವರು ಟರ್ಪೆಂಟೈನ್‌ನಲ್ಲಿ ಅದ್ದಿದ ಬ್ರಷ್‌ನಿಂದ ಬಣ್ಣ ಕರಗಿಸೋದುಂಟು. ಅದು ಗಾಳಿ ಆಡುವ ಜಾಗದಲ್ಲಿ ಮಾಡುವ ಕೆಲಸ, ಮಕ್ಕಳ ಕೈಗೆ ಕೊಡುವಂಥದ್ದಲ್ಲ.

ಜಪಾನಿನ ಊರ ಶಾಲೆಯಿಂದ ಬಂದ ಡಬ್ಬಿ

ಈ ಬಣ್ಣ ಹುಟ್ಟಿದ ಕಥೆ ನಮ್ಮ ಶಾಲೆಗಳಿಗೆ ಬಹಳ ಹತ್ತಿರದ್ದು. ನೂರು ವರ್ಷದ ಹಿಂದೆ ಜಪಾನಿನ ಶಾಲೆಗಳಲ್ಲಿ ಚಿತ್ರಕಲೆ ಅಂದರೆ ಪುಸ್ತಕದಲ್ಲಿರುವ ಚಿತ್ರವನ್ನ ಹಾಗ್ಹಾಗೇ ನಕಲು ಮಾಡೋದು. ಕನಾಯೆ ಯಾಮಾಮೊಟೊ ಎಂಬ ಚಿತ್ರಕಾರ ಇದನ್ನ ವಿರೋಧಿಸಿದರು. ಮಕ್ಕಳು ಕಣ್ಣಾರೆ ಕಂಡದ್ದನ್ನ ತಮಗೆ ತಿಳಿದಂತೆ ಬಿಡಿಸಬೇಕು ಅನ್ನೋದು ಅವರ ವಾದ. 1919ರಲ್ಲಿ ನಾಗಾನೊ ಪ್ರಾಂತ್ಯದ ಕಂಗಾವಾ ಎಂಬ ಊರಿನ ಪ್ರಾಥಮಿಕ ಶಾಲೆಯಲ್ಲಿ ಅವರು ಮಕ್ಕಳ ಚಿತ್ರ ಪ್ರದರ್ಶನ ಮಾಡಿದರು. ಟೋಕಿಯೋದಲ್ಲಲ್ಲ, ರೇಷ್ಮೆಹುಳು ಸಾಕುವ ಸೀಮೆಯ ಶಾಲೆಯಲ್ಲಿ. ಅಲ್ಲಿಂದ ಅದೊಂದು ಚಳವಳಿಯೇ ಆಯಿತು. ಆದರೆ ಆಗಿನ ಕ್ರೇಯಾನ್‌ನಲ್ಲಿ ಬಣ್ಣ ತೆಳು, ಒಂದರ ಮೇಲೊಂದು ಹತ್ತುತ್ತಿರಲಿಲ್ಲ. 1921ರಲ್ಲಿ ಶುರುವಾದ ಸಕುರಾ ಕಂಪನಿ ಆ ಮಕ್ಕಳಿಗೆ ಬೇಕಾದ ದಟ್ಟ ಬಣ್ಣ ಹುಡುಕುತ್ತಾ 1920ರ ದಶಕದ ನಡುವಿನಲ್ಲಿ ಕ್ರೇ-ಪಾಸ್ ಹೆಸರಿನ ಕಡ್ಡಿ ತಂದಿತು. ಅದೇ ಮೊದಲ ಆಯಿಲ್ ಪೇಸ್ಟಲ್. ದೊಡ್ಡ ಚಿತ್ರಕಾರರಿಗೆಂದೇ ಉತ್ತಮ ದರ್ಜೆಯ ಕಡ್ಡಿ ಬಂದದ್ದು 1949ರಲ್ಲಿ. ಪ್ಯಾರಿಸ್‌ನ ಬಣ್ಣದ ವ್ಯಾಪಾರಿ ಸೆನೆಲಿಯೆ ಅದನ್ನ ತಯಾರಿಸಿದ್ದು ಪಿಕಾಸೊ ಮತ್ತು ಹೆನ್ರಿ ಗೆಟ್ಸ್ ಅವರಿಗಾಗಿ. ಅಂದರೆ ಪಿಕಾಸೊಗಿಂತ ಮೊದಲು ಈ ಡಬ್ಬಿ ಹಿಡಿದವರು ಶಾಲೆ ಮಕ್ಕಳು.

ನಮ್ಮಲ್ಲಿ ನಕಲಿನ ರೋಗ ಇನ್ನೂ ಹೋಗಿಲ್ಲ. ಎರಡು ಗುಡ್ಡ, ನಡುವೆ ಸೂರ್ಯ, ಕೆಳಗೆ ಹೊಳೆ, ಪಕ್ಕದಲ್ಲಿ ತೆಂಗಿನ ಮರ. ಜೇವರ್ಗಿ ಸೀಮೆಯ ಎರೆಹೊಲದಲ್ಲಿ ನಿಂತು ನಾಲ್ಕೂ ಕಡೆ ನೋಡಿದರೂ ಆ ಗುಡ್ಡ ಸಿಗಂಗಿಲ್ಲ. ಹಳದಿ ಹೂ ತುಂಬಿದ ತೊಗರಿ ಹೊಲ ಸಿಗುತ್ತೆ, ಕಟ್ಟಿಸಂಗಾವಿಯ ಭೀಮಾ ಸೇತುವೆ ಸಿಗುತ್ತೆ, ಕಬ್ಬಿನ ಲಾರಿ ಸಾಲು ಸಿಗುತ್ತೆ. ಬಳಗದ ಮೊದಲ ನಿಯಮ ಒಂದೇ ಇದ್ದರೂ ಸಾಕು: ಮೊಬೈಲ್ ನೋಡಿ ಬಿಡಿಸೋದು ಮನೆಯಲ್ಲಿ, ಕೂಡಿದಾಗ ಎದುರಿಗಿದ್ದದ್ದನ್ನ ನೋಡಿ ಬಿಡಿಸಬೇಕು.

ಈ ನೆಲದಲ್ಲಿ ಚಿತ್ರಕಾರರು ಹೊಸಬರಲ್ಲ

ಪೌರಾಣಿಕ ಕ್ಯಾಲೆಂಡರ್ ಚಿತ್ರಗಳಿಂದ ದೇಶಕ್ಕೆಲ್ಲ ಗೊತ್ತಾದ ಎಸ್.ಎಂ. ಪಂಡಿತ್ 1916ರಲ್ಲಿ ಹುಟ್ಟಿದ್ದು ಕಲಬುರಗಿಯಲ್ಲಿ. ಮುಂಬೈಗೆ ಹೋಗಿ ಸಿನಿಮಾ ಪೋಸ್ಟರ್, 'ಫಿಲ್ಮ್ ಇಂಡಿಯಾ' ಪತ್ರಿಕೆಯ ಮುಖಪುಟ ಬಿಡಿಸಿ ಹೆಸರು ಮಾಡಿದರು. ಆಮೇಲೆ ವಾಪಸ್ ಕಲಬುರಗಿಗೇ ಬಂದು ನೆಲೆಸಿ, 1993ರಲ್ಲಿ ತೀರಿಕೊಂಡರು. ನಗರದ ರಂಗಮಂದಿರಕ್ಕೆ ಅವರದ್ದೇ ಹೆಸರಿದೆ. ಎಳೆ ವಯಸ್ಸಿನಲ್ಲಿ ಅವರಿಗೆ ಕಲಬುರಗಿಯಲ್ಲಿ ಚಿತ್ರದ ಪಾಠ ಹೇಳಿದವರು ಶಂಕರರಾವ್ ಆಳಂದಕರ್. ಅಡ್ಡಹೆಸರಿನಲ್ಲೇ ಆಳಂದ ಇದೆ.

ಅವರ ನಂತರದ ಪೀಳಿಗೆಯಲ್ಲಿ ಜೆ.ಎಸ್. ಖಂಡೇರಾವ್ ಅವರ ಹೆಸರು ಎಂಎಂಕೆ ದೃಶ್ಯಕಲಾ ಮಹಾವಿದ್ಯಾಲಯದ ಜೊತೆ, ವಿ.ಜಿ. ಅಂದಾನಿ ಅವರ ಹೆಸರು ಐಡಿಯಲ್ ಫೈನ್ ಆರ್ಟ್ ಸಂಸ್ಥೆಯ ಜೊತೆ ಸೇರಿಕೊಂಡಿದೆ. ಕಲಬುರಗಿಯಲ್ಲಿ ಚಿತ್ರಕಲೆ ಉಳಿದದ್ದು ಒಬ್ಬಿಬ್ಬರ ಕೈಚಳಕದಿಂದ ಮಾತ್ರ ಅಲ್ಲ, ಹೀಗೆ ಕಲಿಸುವ ಜಾಗಗಳನ್ನ ಕಟ್ಟಿದ್ದರಿಂದ. ಗುಲಬರ್ಗಾ ವಿಶ್ವವಿದ್ಯಾಲಯದಲ್ಲಿ ದೃಶ್ಯಕಲಾ ವಿಭಾಗವಿದೆ. ಹಿಂದೆ ಇದೇ ಜಿಲ್ಲೆಯಲ್ಲಿದ್ದು ಈಗ ಯಾದಗಿರಿಗೆ ಸೇರಿದ ಸುರಪುರಕ್ಕೆ ತನ್ನದೇ ಚಿತ್ರಶೈಲಿಯ ಪರಂಪರೆ ಇದೆ. ಆದರೆ ಈ ಸಂಸ್ಥೆಗಳೆಲ್ಲ ನಗರದಲ್ಲಿವೆ, ತಾಲ್ಲೂಕಿಗೆ ಬಂದರೆ ದಾರಿ ತುಂಡಾಗುತ್ತೆ. ಬಳಗ ಮಾಡಬೇಕಾದ್ದು ಆ ತುಂಡಾದ ಜಾಗದ ಕೆಲಸವನ್ನ.

ಮೊದಲು ಯಾರನ್ನ ಕೇಳಬೇಕು

ಹೈಸ್ಕೂಲಿನ ಚಿತ್ರಕಲಾ ಶಿಕ್ಷಕರನ್ನ ಎಲ್ಲರೂ ಮೊದಲು ನೆನೆಯುತ್ತಾರೆ, ಅದು ಸರಿಯೇ. ಲೋಯರ್ ಗ್ರೇಡ್, ಹೈಯರ್ ಗ್ರೇಡ್ ಡ್ರಾಯಿಂಗ್ ಪರೀಕ್ಷೆ ಪಾಸಾದ ಹಳೆಯ ವಿದ್ಯಾರ್ಥಿಗಳು ಯಾರು ಯಾರಿದ್ದಾರೆ ಅನ್ನೋದು ಅವರಿಗೇ ಗೊತ್ತಿರುತ್ತೆ. ಆಳಂದ, ಅಫಜಲಪುರದ ಗಡಿ ಹಳ್ಳಿಗಳಲ್ಲಿ ಮಹಾರಾಷ್ಟ್ರದ ಶಾಲೆಯಲ್ಲಿ ಓದಿ ಅಲ್ಲಿನ ಎಲಿಮೆಂಟರಿ, ಇಂಟರ್‌ಮೀಡಿಯೆಟ್ ಡ್ರಾಯಿಂಗ್ ಪರೀಕ್ಷೆ ಬರೆದವರೂ ಸಿಗುತ್ತಾರೆ.

ಎರಡನೆಯವರನ್ನ ಯಾರೂ ನೆನೆಯೋದಿಲ್ಲ: ಬೋರ್ಡ್ ಬರೆಯುತ್ತಿದ್ದ ಪೇಂಟರ್‌ಗಳು. ಫ್ಲೆಕ್ಸ್ ಬಂದ ಮೇಲೆ ಅಂಗಡಿ ಬೋರ್ಡು, ಜಾತ್ರೆ ಬ್ಯಾನರು, ಚುನಾವಣೆ ಗೋಡೆ ಬರಹ ಎಲ್ಲ ಕೈತಪ್ಪಿ ಹಲವರು ಸುಣ್ಣ-ಬಣ್ಣದ ಕೆಲಸಕ್ಕೆ ಹೋದರು. ರಾಜ್ಯ ಸರ್ಕಾರ 2016ರಲ್ಲಿ ಪ್ಲಾಸ್ಟಿಕ್ ಜೊತೆ ಫ್ಲೆಕ್ಸನ್ನೂ ನಿಷೇಧಿಸಿತು, ಆದರೂ ಬಸ್ ಸ್ಟ್ಯಾಂಡ್ ಎದುರು ನಿಂತರೆ ಯಾರು ಗೆದ್ದರು ಅಂತ ಕಾಣುತ್ತೆ. ಒಂದೇ ಏಟಿಗೆ ನೇರ ಗೆರೆ ಎಳೆಯುವ, ದೂರದಿಂದ ಓದುವಂತೆ ಬಣ್ಣ ಆರಿಸುವ ಆ ಕೈಗೆ ಆಯಿಲ್ ಪೇಸ್ಟಲ್ ಹಿಡಿಯಲು ಒಂದು ವಾರ ಸಾಕು. ಅಂಥವರು ಬಳಗದಲ್ಲಿ ವಿದ್ಯಾರ್ಥಿಗಳಾಗಿ ಅಲ್ಲ, ಕಲಿಸುವವರಾಗಿ ಇರಬೇಕು. "ಬರ್ರಿ ಮಾಮಾ, ಹುಡುಗರಿಗೆ ಅಕ್ಷರದ ಅಳತಿ ಹೇಳಿಕೊಡ್ರಿ" ಅಂತ ಕರೆದರೆ ಬರುತ್ತಾರೆ. "ನೀವೂ ಕಲೀರಿ" ಅಂದರೆ ಬರೋದಿಲ್ಲ.

ರಂಗೋಲಿ, ಮೆಹಂದಿ, ಕೌದಿ, ತಾಂಡಾಗಳಲ್ಲಿ ಲಂಬಾಣಿ ಕಸೂತಿ ಮಾಡುವ ಹೆಣ್ಣುಮಕ್ಕಳು ಮೂರನೆಯವರು. ಬಣ್ಣದ ಪಕ್ಕ ಬಣ್ಣ ಇಡೋದನ್ನ ಇವರಿಗೆ ಯಾರೂ ಹೊಸದಾಗಿ ಕಲಿಸಬೇಕಿಲ್ಲ. ಇವರು ಬರೋದು ಬಿಡೋದು ಸಮಯದ ಮೇಲೆ ನಿಂತಿರುತ್ತೆ. ಭಾನುವಾರ ಸಂಜೆ 6ಕ್ಕೆ ಸಭೆ ಅಂದರೆ ಗಂಡಸರು ಮಾತ್ರ ಬರುತ್ತಾರೆ. ಮಧ್ಯಾಹ್ನ 2ರಿಂದ 4, ಹಳ್ಳಿಗೆ ವಾಪಸ್ ಬಸ್ ಇರುವ ಹೊತ್ತು ಅಂದರೆ ಲೆಕ್ಕ ಬದಲಾಗುತ್ತೆ. ರಾಶಿ ಕಾಲದಲ್ಲಿ, ಅಂದರೆ ತೊಗರಿ ಕಟಾವಿನ ಡಿಸೆಂಬರ್-ಜನವರಿಯಲ್ಲಿ, ಯಾರನ್ನೂ ಕರೆಯದಿರೋದೇ ಲೇಸು.

ಆಳಂದದಲ್ಲಿ ಕನ್ನಡ, ಮರಾಠಿ, ದಖನಿ ಉರ್ದು ಮೂರೂ ನಡೆಯುತ್ತವೆ. ಚಿತ್ರದ ಬಳಗಕ್ಕೆ ಇದರಿಂದ ತೊಂದರೆ ಇಲ್ಲ, ಆದರೆ ವಾಟ್ಸಾಪ್ ಗ್ರೂಪಿನ ಸೂಚನೆ ಒಂದೇ ಭಾಷೆಯಲ್ಲಿ ಬಂದರೆ ಅರ್ಧ ಜನ ತಪ್ಪಿಸಿಕೊಳ್ಳುತ್ತಾರೆ. ಹತ್ತು ಸೆಕೆಂಡಿನ ಧ್ವನಿ ಸಂದೇಶ ಹಾಕಿದರೆ ಮುಗೀತು.

ಕೂಡುವ ಜಾಗ

ಸ್ವಂತ ಕಟ್ಟಡ ಬೇಕು ಅಂತ ಕೂತರೆ ಬಳಗ ಹುಟ್ಟೋದೇ ಇಲ್ಲ. ಗ್ರಾಮ ಪಂಚಾಯಿತಿ ಗ್ರಂಥಾಲಯಗಳನ್ನ ಈಗ ಅರಿವು ಕೇಂದ್ರ ಅಂತ ಕರೆಯುತ್ತಾರೆ. ಮೇಜು, ಬೆಳಕು, ನೀರು ಇರುವ ಕಡೆ ಪಿಡಿಓ ಮತ್ತು ಮೇಲ್ವಿಚಾರಕರನ್ನ ಕೇಳಿ ತಿಂಗಳಿಗೆರಡು ಮಧ್ಯಾಹ್ನ ಪಡೆಯಬಹುದು. ತಾಲ್ಲೂಕು ಕೇಂದ್ರದಲ್ಲಿ ಸಾರ್ವಜನಿಕ ಗ್ರಂಥಾಲಯ, ಕನ್ನಡ ಸಾಹಿತ್ಯ ಪರಿಷತ್ತಿನ ತಾಲ್ಲೂಕು ಘಟಕ, ಮಠದ ದಾಸೋಹ ಮನೆ, ಶಾಲೆಯ ಖಾಲಿ ಕೋಣೆ ಇವೆ. ಆಳಂದ ತಾಲ್ಲೂಕಿನ ಕಡಗಂಚಿಯಲ್ಲಿ 2009ರಲ್ಲಿ ಸ್ಥಾಪನೆಯಾದ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯ ಇದೆ, ಬೇರೆ ಬೇರೆ ರಾಜ್ಯದ ವಿದ್ಯಾರ್ಥಿಗಳು ಇದ್ದಾರೆ. ಊರಿನವರು ಹೋಗಿ ಕರೆದರೆ ಬರುವ ಹುಡುಗರು ಅಲ್ಲಿ ಸಿಗಬಹುದು.

ಹೊರಗೆ ಕೂತು ಬಿಡಿಸಲು ಜಾಗಕ್ಕೆ ಕೊರತೆ ಇಲ್ಲ. ದೇವಲ ಗಾಣಗಾಪುರದಲ್ಲಿ ಭೀಮಾ-ಅಮರಜಾ ಸಂಗಮ, ಸೊನ್ನ ಬ್ಯಾರೇಜು, ಆಳಂದದ ಲಾಡ್ಲೆ ಮಶಾಯಕ ದರ್ಗಾದ ಬೀದಿ, ಜೇವರ್ಗಿಯ ಹಳೇ ಓಣಿ, ಎಪಿಎಂಸಿ ಅಂಗಳ. ದೇವಸ್ಥಾನ, ದರ್ಗಾದ ಒಳಗೆ ಕೂರುವ ಮೊದಲು ಅಲ್ಲಿಯವರ ಒಪ್ಪಿಗೆ ಕೇಳಬೇಕು. ಸಂತೆಯಲ್ಲಿ ಯಾರದ್ದಾದರೂ ಮುಖ ಬಿಡಿಸುವ ಮುಂಚೆ "ಕಾಕಾ, ಬಿಡಿಸಲೇನ್ರಿ?" ಅಂತ ಒಂದು ಮಾತು ಕೇಳಿದರೆ ಜಗಳ ಉಳಿಯುತ್ತೆ.

ಬಿಸಿಲೇ ದೊಡ್ಡ ಶತ್ರು

ಕ್ರೇ-ಪಾಸ್ ಮೊದಲು ಬಂದಾಗ ಕಂಪನಿಗೆ ದೊಡ್ಡ ತಲೆನೋವಾದದ್ದು ಹವಾಮಾನ. ಬೇಸಿಗೆಯಲ್ಲಿ ಕಡ್ಡಿ ತೀರಾ ಮೆತ್ತಗೆ, ಚಳಿಗಾಲದಲ್ಲಿ ತೀರಾ ಗಟ್ಟಿ. ಬೇಸಿಗೆಗೊಂದು, ಚಳಿಗಾಲಕ್ಕೊಂದು ಬೇರೆ ಬೇರೆ ತಯಾರಿಸಿದ್ದೂ ಉಂಟು. ಏಪ್ರಿಲ್-ಮೇನಲ್ಲಿ 42 ಡಿಗ್ರಿ ದಾಟುವ ಕಲಬುರಗಿ ಜಿಲ್ಲೆಯಲ್ಲಿ ಈ ತಲೆನೋವು ಇಂದಿಗೂ ಇದೆ. ಪತ್ರಾ ಹೊದಿಸಿದ ಕೋಣೆಯಲ್ಲಿಟ್ಟ ಡಬ್ಬಿಯಲ್ಲಿ ಕಡ್ಡಿಗಳು ಕಾಗದಕ್ಕೆ ಅಂಟುತ್ತವೆ, ಬಾಗುತ್ತವೆ, ಹಿಡಿದರೆ ಮುರಿಯುತ್ತವೆ. ಅಂಗಡಿಯಲ್ಲಿ ಬಿಸಿಲು ಬೀಳುವ ಶೋಕೇಸಿನ ಗಾಜಿನ ಹಿಂದೆ ಡಬ್ಬಿ ಜೋಡಿಸಿದರೆ ಮಾರುವ ಮುಂಚೆಯೇ ಮಾಲು ಕೆಡುತ್ತೆ, ಗಿರಾಕಿ ಬೈಯೋದು ಕಂಪನಿಗೆ.

ಉಪಾಯ ಸರಳ. ಶಹಾಬಾದ್ ಪರ್ಸಿ ಹಾಸಿದ ನೆಲದ ಮೇಲೆ, ಗೋಡೆಯ ನೆರಳಿನಲ್ಲಿ, ಕೆಳಗಿನ ಖಾನೆಯಲ್ಲಿ ಡಬ್ಬಿ ಇಡಬೇಕು. ಮೆತ್ತಗಾದ ಕಡ್ಡಿಯನ್ನ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಮಣ್ಣಿನ ಗಡಿಗೆಯ ಪಕ್ಕ ಸ್ವಲ್ಪ ಹೊತ್ತು ಇಟ್ಟರೆ ಬಿಗಿಯಾಗುತ್ತೆ. ಬೇಸಿಗೆಯಲ್ಲಿ ಬೆಳಿಗ್ಗೆ 9ರೊಳಗೆ ಬಿಡಿಸಿ ಮುಗಿಸಬೇಕು. ಬಿಡಿಸಿದ ಹಾಳೆಗಳನ್ನ ಒಂದರ ಮೇಲೊಂದು ಪೇರಿಸಿದರೆ ಒಂದರ ಬಣ್ಣ ಇನ್ನೊಂದರ ಬೆನ್ನಿಗೆ ಹತ್ತುತ್ತೆ, ನಡುವೆ ಬಟರ್ ಪೇಪರ್ ಬೇಕೇಬೇಕು. ಕಾಗದವೂ ಮುಖ್ಯ. ನುಣುಪಾದ ಚಾರ್ಟ್ ಪೇಪರ್ ಮೇಲೆ ಎರಡನೇ ಪದರ ಜಾರುತ್ತೆ. ಸ್ವಲ್ಪ ಒರಟಾದ, 150 ಜಿಎಸ್‌ಎಂಗಿಂತ ದಪ್ಪನೆಯ ಡ್ರಾಯಿಂಗ್ ಶೀಟ್ ಒಳ್ಳೇದು.

ಬಿಸಿಲಿನ ಇನ್ನೊಂದು ಕಾಟ ಬಣ್ಣ ಮಾಸೋದು. ಶಾಲೆ ದರ್ಜೆಯ ಡಬ್ಬಿಗಳಲ್ಲಿ ಗುಲಾಬಿ, ನೇರಳೆ ಬಣ್ಣಗಳು ಬೇಗ ಬೆಳ್ಳಗಾಗೋದು ಹೆಚ್ಚು. ಒಂದು ಹಾಳೆಯಲ್ಲಿ ಎಲ್ಲ ಬಣ್ಣದ ಪಟ್ಟಿ ಎಳೆದು, ಅರ್ಧ ಭಾಗಕ್ಕೆ ರಟ್ಟು ಮುಚ್ಚಿ, ದಕ್ಷಿಣದ ಕಿಟಕಿಗೆ ಎರಡು ತಿಂಗಳು ಅಂಟಿಸಿದರೆ ಯಾವ ಬಣ್ಣ ನಂಬಬಹುದು ಅನ್ನೋದು ಕಣ್ಣಿಗೇ ಕಾಣುತ್ತೆ. ಬಳಗಕ್ಕೆ ಇದು ಒಳ್ಳೆಯ ಮೊದಲ ಕೆಲಸ. ಚಿತ್ರ ಮಾರುವ ಯೋಚನೆ ಇದ್ದವರಿಗಂತೂ ಬಿಡುವಂಥದ್ದಲ್ಲ, ವರ್ಷದಲ್ಲಿ ಮಾಸಿದ ಚಿತ್ರದ ಗಿರಾಕಿ ಮತ್ತೆ ಬರಂಗಿಲ್ಲ.

ಅಂಗಡಿಯವರಿಗೆ

ಬಿಳಿ ಕಡ್ಡಿಯಿಂದಲೇ ಬಣ್ಣ ಬೆರೆಸೋದರಿಂದ ಯಾವ ಡಬ್ಬಿಯಲ್ಲೂ ಮೊದಲು ಮುಗಿಯೋದು ಬಿಳಿ, ಆಮೇಲೆ ಕಪ್ಪು, ಹಳದಿ. "ಅಣ್ಣಾ, ಬಿಳೇದು ಒಂದೇ ಕೊಡ್ರಿ" ಅಂದರೆ "ಬಿಡಿ ಬರಂಗಿಲ್ಲ, ಡಬ್ಬಿನೇ ತಗೋರಿ" ಅನ್ನೋದು ಮಾಮೂಲಿ ಉತ್ತರ. ಒಂದು ಬಿಳಿ ಕಡ್ಡಿಗಾಗಿ ಪೂರ್ತಿ ಡಬ್ಬಿ ಕೊಳ್ಳಲಾಗದೆ ಬಿಡಿಸೋದನ್ನೇ ಬಿಟ್ಟವರಿದ್ದಾರೆ. ಇಪ್ಪತ್ತು ಜನರ ಬಳಗ ಇದ್ದರೆ ಎರಡು ದಾರಿ. ಒಂದು, ಸದಸ್ಯರೊಳಗೆ ಕಡ್ಡಿ ವಿನಿಮಯ: ಉಳಿದ ತುಂಡುಗಳ ಒಂದು ಕೂಡು ಡಬ್ಬಿ. ಎರಡು, ಅಂಗಡಿಯವರೇ ಒಂದೆರಡು ಡಬ್ಬಿ ಒಡೆದು ಬಿಡಿ ಮಾರೋದು. ಬಿಳಿ ಬೇಗ ಹೋಗಿ ಉಳಿದವು ಕೂತುಬಿಡುತ್ತವೆ ಅನ್ನುವ ಅವರ ಭಯ ಖರೆಯೇ. ಬಳಗ ಮುಂಚೆಯೇ ಬೇಡಿಕೆ ಬರೆದುಕೊಟ್ಟರೆ ಆ ಭಯ ಇರೋದಿಲ್ಲ.

50ರ ಡಬ್ಬಿ, ಒಳ್ಳೆ ಕಾಗದ ಕೊಳ್ಳಲು ಈ ಭಾಗದವರಿಗೆ ಗೊತ್ತಿರುವ ಭಿಸಿಯೇ ಸಾಕು. ತಿಂಗಳಿಗೆ ಸ್ವಲ್ಪ ಹಣ ಹಾಕಿ, ಪ್ರತಿ ತಿಂಗಳು ಒಬ್ಬರಿಗೆ ಸಾಮಾನು. ಹಣ ಕೈಗೆ ಕೊಡದೆ ನೇರವಾಗಿ ಅಂಗಡಿಗೆ ಕಟ್ಟಿದರೆ ತಕರಾರು ಕಡಿಮೆ.

ತೆರಿಗೆ ವಿಷಯದಲ್ಲಿ ಒಂದು ಬದಲಾವಣೆ ಗಮನಿಸಬೇಕು. 2025ರ ಸೆಪ್ಟೆಂಬರ್ 22ರಿಂದ ಪೆನ್ಸಿಲ್, ಕ್ರೇಯಾನ್, ಪೇಸ್ಟಲ್, ಚಿತ್ರದ ಇದ್ದಿಲಿನ ಮೇಲಿನ ಜಿಎಸ್‌ಟಿ 12%ರಿಂದ ಶೂನ್ಯಕ್ಕೆ ಇಳಿದಿದೆ. ಕೈಯಿಂದಲೇ ಬಿಡಿಸಿದ ಚಿತ್ರಗಳ ಮೇಲಿನ ತೆರಿಗೆ 12%ರಿಂದ 5% ಆಗಿದೆ. ಸಗಟು ವ್ಯಾಪಾರಿಯಿಂದ ತರುವಾಗ ಬಿಲ್‌ನಲ್ಲಿ ಇದನ್ನ ನೋಡಿಕೊಳ್ಳಬೇಕು. ಬಾಟಲಿ ಬಣ್ಣಗಳ ಲೆಕ್ಕ ಬೇರೆ. ಸಣ್ಣ ಮಕ್ಕಳಿಗೆ ಕೊಡುವ ಡಬ್ಬಿಯ ಮೇಲೆ 'ನಾನ್ ಟಾಕ್ಸಿಕ್' ಅಂತ ಬರೆದಿದೆಯೋ ಇಲ್ಲವೋ ನೋಡಿ ಕೊಡೋದು ಒಳ್ಳೇದು, ಮಕ್ಕಳು ಬಾಯಿಗೆ ಹಾಕುತ್ತಾರೆ.

ಫ್ರೇಮ್, ಪ್ರದರ್ಶನ, ಬೆಲೆ

ದೇವರ ಫೋಟೊಗೆ ಕಟ್ಟು ಹಾಕುವ ಅಂಗಡಿಗಳು ಮೂರೂ ಊರಲ್ಲಿವೆ. ಆದರೆ ಅಲ್ಲಿ ಗಾಜನ್ನ ಚಿತ್ರಕ್ಕೆ ಒತ್ತಿ ಕೂರಿಸುತ್ತಾರೆ. ಆಯಿಲ್ ಪೇಸ್ಟಲ್‌ಗೆ ಹಾಗೆ ಮಾಡಿದರೆ ಬಣ್ಣ ಗಾಜಿಗೆ ಹತ್ತಿ ಚಿತ್ರ ಹಾಳು. ನಡುವೆ ದಪ್ಪ ಮೌಂಟ್ ಬೋರ್ಡಿನ ಚೌಕಟ್ಟು ಇಟ್ಟು ಗಾಜು ಚಿತ್ರಕ್ಕೆ ತಾಗದಂತೆ ಮಾಡಬೇಕು. ಒಣ ಪೇಸ್ಟಲ್‌ಗೆ ಹೊಡೆಯುವ ಫಿಕ್ಸೆಟಿವ್ ಸ್ಪ್ರೇ ಇದಕ್ಕೆ ಕೆಲಸ ಮಾಡೋದಿಲ್ಲ, ಆ ಖರ್ಚು ಬೇಡ. ಊರಿಗೊಬ್ಬ ಫ್ರೇಮ್ ಅಂಗಡಿಯವರು ಈ ಕೆಲಸ ಕಲಿತರೆ ಬಳಗದ ಎಲ್ಲ ಗಿರಾಕಿ ಅವರದ್ದೇ.

ಪ್ರದರ್ಶನಕ್ಕೆ ರಂಗಮಂದಿರವನ್ನೇ ಕಾಯಬೇಕಿಲ್ಲ. ಗಾಣಗಾಪುರಕ್ಕೆ ಹುಣ್ಣಿಮೆಗೆ, ಘತ್ತರಗಿ ಭಾಗ್ಯವಂತಿಗೆ ಅಮಾವಾಸ್ಯೆಗೆ ಜನ ಬರುತ್ತಾರೆ. ನೆರಳಿರುವ ಕಟ್ಟೆ, ಎರಡು ಹಗ್ಗ, ಕ್ಲಿಪ್ಪು ಇದ್ದರೆ ಪ್ರದರ್ಶನ ಆಯಿತು. ಬೆಲೆ ಕಟ್ಟುವಾಗ ಕಾಗದ, ಬಣ್ಣ, ಫ್ರೇಮಿನ ಖರ್ಚು ಒಂದು ಕಡೆ, ತಗೊಂಡ ತಾಸುಗಳಿಗೆ ಊರಿನ ಗೌಂಡಿ ಕೂಲಿಯ ಲೆಕ್ಕ ಇನ್ನೊಂದು ಕಡೆ ಬರೆದು ಕೂಡಿಸಬೇಕು. ಕೂಲಿ ಬಿಟ್ಟು ಬೆಲೆ ಹೇಳುವ ಚಟ ನಮ್ಮ ಚಿತ್ರಕಾರರಿಗಿದೆ, "ಏನಾರ ಕೊಡ್ರಿ" ಅನ್ನೋದು ಮರ್ಯಾದೆ ಅಂತ ತಿಳಿದಿದ್ದಾರೆ. ಹಾಗೆ ಅಂದವರ ಚಿತ್ರವನ್ನ ಜನ ಪುಕ್ಕಟೆ ಕೇಳಲು ಶುರು ಮಾಡುತ್ತಾರೆ.

ಮಾರಾಟಕ್ಕಲ್ಲದ ಕೆಲಸವೂ ಒಂದಿದೆ. 2020ರ ಅಕ್ಟೋಬರ್‌ನಲ್ಲಿ ಭೀಮಾ ಉಕ್ಕಿ ಅಫಜಲಪುರ, ಜೇವರ್ಗಿಯ ನದಿದಂಡೆ ಊರುಗಳಿಗೆ ನೀರು ನುಗ್ಗಿತು. ಮಣ್ಣಿನ ಮನೆ, ವಾಡೆ, ಹಳೇ ಅಗಸಿಗಳು ಪ್ರತಿ ಮಳೆಗಾಲಕ್ಕೂ ಕಡಿಮೆಯಾಗುತ್ತಿವೆ. ಬಳಗದ ಹತ್ತು ಜನ ತಮ್ಮ ತಮ್ಮ ಊರಿನ ಐದೈದು ಮನೆ ಬಿಡಿಸಿ, ಹಿಂದೆ ಊರು, ಓಣಿ, ದಿನಾಂಕ ಬರೆದಿಟ್ಟರೆ ಗ್ರಂಥಾಲಯದಲ್ಲಿ ಇಡುವಂಥ ದಾಖಲೆ ಆಗುತ್ತೆ. ನದಿದಂಡೆಯವರು ಚಿತ್ರದ ಕಟ್ಟನ್ನ ಅಟ್ಟದ ಮೇಲೇ ಇಡಬೇಕು. ಬಣ್ಣ ನೀರಿಗೆ ಜಗ್ಗೋದಿಲ್ಲ, ಕಾಗದ ಜಗ್ಗುತ್ತೆ.

ನೋಂದಣಿ ಯಾವಾಗ

ಮೊದಲ ವರ್ಷ ನೋಂದಣಿಯ ಗೊಡವೆ ಬೇಡ. ಒಂದು ಹಾಜರಿ ಪುಸ್ತಕ, ಒಂದು ಖರ್ಚಿನ ಪುಸ್ತಕ ಸಾಕು. ಪದಾಧಿಕಾರಿಗಳ ಆಯ್ಕೆಯಿಂದ ಶುರುವಾದ ಸಂಘಗಳು ಸನ್ಮಾನದಲ್ಲಿ ಮುಗಿದದ್ದನ್ನ ಈ ಜಿಲ್ಲೆ ಬೇಕಾದಷ್ಟು ನೋಡಿದೆ. ವರ್ಷ ತುಂಬಿದ ಮೇಲೂ ಜನ ಬರುತ್ತಿದ್ದರೆ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ, 1960ರ ಅಡಿ ನೋಂದಾಯಿಸಬಹುದು. 18 ವರ್ಷ ತುಂಬಿದ ಕನಿಷ್ಠ 7 ಜನ ಬೇಕು, ಜೊತೆಗೆ ಸಂಘದ ಉದ್ದೇಶ ಮತ್ತು ನಿಯಮಾವಳಿ. ಅರ್ಜಿ ಹೋಗೋದು ಸಹಕಾರ ಇಲಾಖೆಯ ಜಿಲ್ಲಾ ನೋಂದಣಾಧಿಕಾರಿಗೆ, ಕಲಬುರಗಿಯಲ್ಲಿ. ಆಮೇಲೆ ಪ್ಯಾನ್, ಬ್ಯಾಂಕ್ ಖಾತೆ. ಪ್ರತಿ ವರ್ಷ ಸಾಮಾನ್ಯ ಸಭೆ ಮಾಡಿ ಲೆಕ್ಕಪತ್ರ, ಆಡಳಿತ ಮಂಡಳಿ ಪಟ್ಟಿ ಸಲ್ಲಿಸಬೇಕು. ಇದನ್ನ ಬಿಟ್ಟರೆ ಮುಂದೆ ನವೀಕರಣಕ್ಕೆ ದಂಡ, ಓಡಾಟ ಎರಡೂ ತಪ್ಪೋದಿಲ್ಲ. ಕನ್ನಡ ಮತ್ತು ಸಂಸ್ಕೃತಿ ಇಲಾಖೆ, ಕರ್ನಾಟಕ ಲಲಿತಕಲಾ ಅಕಾಡೆಮಿಯ ನೆರವಿಗೆ ಅರ್ಜಿ ಹಾಕುವಾಗ ಹಳೆಯ ಕಾರ್ಯಕ್ರಮಗಳ ಫೋಟೊ, ಆಮಂತ್ರಣ, ಪತ್ರಿಕಾ ವರದಿ ಕೈಲಿದ್ದರೆ ಅನುಕೂಲ. ಅದಕ್ಕೆ ಮೊದಲ ದಿನದಿಂದಲೇ ಒಂದು ಫೈಲ್ ಮಾಡಿ, ಹಾಜರಿ ಪುಸ್ತಕದ ಜೊತೆಗೇ ಇಟ್ಟುಕೊಳ್ಳಬೇಕು.